ಹೊಯಿಗೆಕಡವಿನ ಹೆಂಚು ತಟ್ಟುವ ಅಪ್ಪಿ

ಬಹಳ ಹಿಂದೆ, ಈ ನದಿಗೆ ಇನ್ನೂ ಸೇತುವೆ ಆಗದ ಕಾಲದಲ್ಲಿ, ಹೊಯಿಗೆಕಡವು ಎಂಬ ಒಂದು ಊರಿತ್ತು. ಊರು ಈಗಲೂ ಉಂಟು, ನೀವು ಕೂತದ್ದೂ ಅದರಲ್ಲೇ. ಆದರೆ ನಾನು ಹೇಳುವ ಊರು ಬೇರೆ. ಆ ಊರಿನಲ್ಲಿ ನದಿಯ ದಡದುದ್ದಕ್ಕೂ ಹನ್ನೊಂದು ಹೆಂಚಿನ ಕಾರ್ಖಾನೆಗಳಿದ್ದವು. ಹನ್ನೊಂದು ಕಾರ್ಖಾನೆಗೆ ಹನ್ನೊಂದು ಚಿಮಣಿ. ಮೀನಿಗೆ ಹೋದವರು ಕಡಲಿನಿಂದ ತಿರುಗಿ ಬರುವಾಗ ಹೊಗೆ ಎಣಿಸುತ್ತಿದ್ದರಂತೆ. ಹನ್ನೊಂದು ಎಣಿಸಿದರೆ ಮನೆ ಬಂತು. ಹತ್ತೇ ಕಂಡರೆ ಯಾವುದೋ ಒಂದು ಕಾರ್ಖಾನೆಗೆ ಆವತ್ತು ರಜೆ.

ಕಾರ್ಖಾನೆ ಇದ್ದಲ್ಲಿ ಹಸಿವು, ಹಸಿವು ಇದ್ದಲ್ಲಿ ವ್ಯಾಪಾರ. ದೋಣಿಗಳು ಬಂದು ನಿಲ್ಲುವ ಕಡವಿನ ಬಾಯಿಯಲ್ಲಿ ಗಂಜಿಯೂಟದ ಹೋಟೆಲಿತ್ತು. ಅದರ ಪಕ್ಕ ಗೋಲಿಸೋಡ ತುಂಬುವ ಅಂಗಡಿ, ಅದರಾಚೆ ತೆಂಗಿನ ನಾರಿನ ಹಗ್ಗ ಹೊಸೆಯುವವರು, ಅವರಾಚೆ ದೋಣಿ ಕಟ್ಟುವ ಆಚಾರಿಗಳ ಕೊಟ್ಟಿಗೆ. ಹೊರೆಯ ಕೆಳಗೆ ತಲೆಗೆ ಇಡುವ ಬಟ್ಟೆಯ ಸಿಂಬೆ ಉಂಟಲ್ಲ, ಅದೊಂದನ್ನೇ ಸುತ್ತಿ ಮಾರಿ ಬದುಕಿದ ಮುದುಕಿಯೂ ಒಬ್ಬಳಿದ್ದಳಂತೆ. ಸಿಂಬೆ ಮಾರಿ ಬದುಕಬಹುದಾಗಿದ್ದರೆ ಆ ಊರಿನಲ್ಲಿ ಎಷ್ಟು ತಲೆಗಳು ಹೊರೆ ಹೊತ್ತಿರಬೇಕು, ನೀವೇ ನೋಡಿ. ಆ ತಲೆಗಳಲ್ಲಿ ಒಂದು ನನ್ನ ಅಜ್ಜಿ ಸೇಸಿಯದು.

ನಾನು ಹೇಳುವುದೆಲ್ಲ ಆ ಅಜ್ಜಿ ಹೇಳಿದ್ದು. ಅಜ್ಜಿ ಹೇಳುವಾಗ ಐವತ್ತು ಸಾವಿರವಿದ್ದ ಹೆಂಚು ಅಮ್ಮ ಹೇಳುವಾಗ ಅರವತ್ತು ಸಾವಿರವಾಯಿತು. ನನ್ನ ಬಾಯಲ್ಲಿ ಎಂಬತ್ತು ಸಾವಿರ. ನೀವು ಲಕ್ಷ ಮಾಡಿದರೂ ನನ್ನ ತಕರಾರಿಲ್ಲ, ಉಳಿದದ್ದನ್ನು ಮಾತ್ರ ಇದ್ದ ಹಾಗೆಯೇ ಹೇಳಿ.

ಹನ್ನೊಂದರಲ್ಲಿ ನಡುವಿನದು, ಅಂದರೆ ಆರನೆಯದು, ಅಪ್ಪಿಯಿದ್ದ ಕಾರ್ಖಾನೆ. ಅಪ್ಪಿಯ ಕೆಲಸ ಹೆಂಚು ತಟ್ಟುವುದು. ಇದೇನು ಕೆಲಸ ಎಂದು ನಗಬೇಡಿ. ಹೆಂಚು ಭಟ್ಟಿಯಿಂದ ಹೊರಗೆ ಬಂದಾಗ ಎಲ್ಲವೂ ಕೆಂಪು, ಎಲ್ಲವೂ ಚಂದ. ಒಳಗೆ ಬಿರುಕು ಬಿಟ್ಟದ್ದು ಯಾವುದು, ಅರೆಬೆಂದದ್ದು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಎಡಗೈಯಲ್ಲಿ ಮೂಲೆ ಹಿಡಿದು ಎತ್ತಬೇಕು, ಬಲಗೈಯ ನಡುಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಬೇಕು. ಒಳ್ಳೆಯ ಹೆಂಚು ಟಣ್ ಅನ್ನುತ್ತದೆ. ಕೆಟ್ಟ ಹೆಂಚು ಬೊದ್ ಅನ್ನುತ್ತದೆ. ಟಣ್ ಅಂದದ್ದು ಬಲಕ್ಕೆ, ಬೊದ್ ಅಂದದ್ದು ಎಡಕ್ಕೆ. ಬೆಳಗಿನಿಂದ ಸಂಜೆಯವರೆಗೆ ಟಣ್, ಟಣ್, ಬೊದ್, ಟಣ್. ಅವಳ ನಡುಬೆರಳಿನ ಗೆಣ್ಣು ಅಡಕೆಯಷ್ಟು ದಪ್ಪವಾಗಿತ್ತಂತೆ.

ತಟ್ಟುವವರು ಹನ್ನೊಂದು ಕಾರ್ಖಾನೆಗಳಲ್ಲೂ ಇದ್ದರು. ಆದರೆ ಅಪ್ಪಿಯ ಕಿವಿಯೇ ಬೇರೆ ಎಂದು ಹೇಳುತ್ತಾರೆ. ಹೆಂಚು ತಟ್ಟಿ ಮಣ್ಣು ಯಾವ ಗದ್ದೆಯದು ಎಂದು ಹೇಳುತ್ತಿದ್ದಳಂತೆ. ಅಚ್ಚು ಒತ್ತುವವನನ್ನು ಒಂದು ದಿನ ಕರೆದು, ಮೊನ್ನೆ ಮನೆಯಲ್ಲಿ ಜಗಳ ಮಾಡಿ ಬಂದಿದ್ದೆಯಾ, ಕೈ ಸಡಿಲ ಬಿದ್ದಿದೆ ಎಂದಳಂತೆ. ಅವನು ಆವತ್ತೇ ಹೆಂಡತಿಗೆ ಮಲ್ಲಿಗೆ ತೆಗೆದುಕೊಂಡು ಹೋದನಂತೆ. ಹಲಸಿನ ಹಣ್ಣಾಗಲಿ ತೆಂಗಿನಕಾಯಾಗಲಿ, ಊರಿನವರು ಅವಳ ಹತ್ತಿರ ತಟ್ಟಿಸಿಯೇ ಕೊಳ್ಳುತ್ತಿದ್ದರು. ಒಬ್ಬರು ಮಗಳಿಗೆ ಗೊತ್ತು ಮಾಡಿದ ಹುಡುಗನನ್ನೇ ಕರೆತಂದು ನಿಲ್ಲಿಸಿದರಂತೆ. ಅಪ್ಪಿ ಅವನ ತಲೆಗೆ ಬೆರಳು ಮಡಚಿ ಹಿಡಿದು, ತಟ್ಟದೆ ಕೈ ಹಿಂದೆ ತೆಗೆದು, ಇದು ನಿಮ್ಮ ಮಗಳೇ ತಟ್ಟಿ ನೋಡಬೇಕಾದದ್ದು ಎಂದಳಂತೆ.

ಕಾರ್ಖಾನೆಗೆ ಒಂದು ಕಟ್ಟಳೆಯಿತ್ತು. ಹೊರುವವಳು ಹೊರಬೇಕು, ತಟ್ಟುವವಳು ತಟ್ಟಬೇಕು. ತಲೆಹೊರೆ ಹೊತ್ತವಳು ಹೆಂಚಿಗೆ ಗೆಣ್ಣು ತಾಗಿಸಬಾರದು. ತಾಗಿಸಿದರೆ ಭಟ್ಟಿಗೆ ಕೇಡು ಎನ್ನುತ್ತಿದ್ದರು. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ಹೊರುವವರು ತಟ್ಟಲು ನಿಂತರೆ ಕೆಲಸ ನಿಧಾನವಾಗುತ್ತದೆ ಎಂದು ಯಾವನೋ ಜಾಣ ಮಾಡಿದ್ದಿರಬೇಕು ಎಂದು ನನ್ನ ಲೆಕ್ಕ. ಅಂತೂ ಮುನ್ನೂರು ಹೆಂಗಸರು ಹುಟ್ಟಿನಿಂದ ಹೆಂಚು ಹೊತ್ತವರು, ಒಬ್ಬರೂ ಒಂದು ಹೆಂಚನ್ನೂ ತಟ್ಟಿದವರಲ್ಲ.

ಇನ್ನೊಂದು ಮಾತು. ಲೋಕಕ್ಕೆಲ್ಲ ತಲೆಯ ಮೇಲೊಂದು ಮಾಡು ಕೊಟ್ಟ ಆ ಹೆಂಗಸರ ಸ್ವಂತ ಮಾಡು ಯಾವುದು? ಅಪ್ಪಿ ಎಡಕ್ಕೆ ಇಟ್ಟ ಹೆಂಚು. ಬೊದ್ ಅಂದ ಹೆಂಚನ್ನು ಕೆಲಸದವರು ಒಯ್ಯಬಹುದಿತ್ತು. ಅಜ್ಜಿ ಸೇಸಿಯ ಮನೆಗೂ ಅದೇ. ಮಳೆ ಬಂದರೆ ತೊಟ್ಟಿಲನ್ನು ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಎಳೆಯುವುದೇ ಅವಳ ಕೆಲಸವಾಗಿತ್ತಂತೆ. ನನಗೆ ದೊಡ್ಡಮ್ಮ ಆಗಬೇಕಾಗಿದ್ದ ಮಗು ಒಂದು ಆ ತೊಟ್ಟಿಲಿನಲ್ಲೇ ಕೆಮ್ಮಿ ಕೆಮ್ಮಿ ತೀರಿಹೋಯಿತು. ಅದನ್ನು ಹೇಳುವಾಗ ಅಜ್ಜಿ ಯಾವತ್ತೂ ಕಣ್ಣೀರು ಹಾಕುತ್ತಿರಲಿಲ್ಲ, ಮಾಡಿನ ಕಡೆ ನೋಡುತ್ತಿದ್ದಳು.

ಒಂದು ವರ್ಷ ಆರನೆಯ ಕಾರ್ಖಾನೆಗೆ ದೊಡ್ಡ ಬೇಡಿಕೆ ಬಂತು. ತೆಂಕಣ ಒಂದು ಬಂದರಿನಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುತ್ತಿದ್ದರಂತೆ. ಅದರ ಮಾಡಿಗೆ ಎಂಬತ್ತು ಸಾವಿರ ಹೆಂಚು ಬೇಕು. ಉಮರಬ್ಬ ಬ್ಯಾರಿಗಳ ಮಂಜಿ ಕಡವಿಗೆ ಬಂದು ನಿಂತಿತ್ತು. ಮಂಜಿ ಎಂದರೆ ಹಾಯಿ ಕಟ್ಟಿದ ದೊಡ್ಡ ಹಡಗು. ಆದರೆ ಪತ್ತನಾಜೆ ಹತ್ತಿರ ಬಂದಿತ್ತು. ಪತ್ತನಾಜೆ ಕಳೆದರೆ ಮಳೆಗಾಲ, ಕಡಲು ಮುಚ್ಚುತ್ತದೆ, ಯಾವ ಮಂಜಿಯೂ ಹೊರಡುವ ಹಾಗಿಲ್ಲ. ಮಂಜಿ ಹೊರಟ ದಿನ ಪ್ರತಿ ಹೆಂಗಸಿಗೂ ಮಳೆಗಾಲಕ್ಕೆಂದು ಬೈಹುಲ್ಲಿನಲ್ಲಿ ಸುತ್ತಿ ಕಟ್ಟಿದ ಒಂದು ಮುಡಿ ಅಕ್ಕಿ ಕೊಡುವುದು ಕಾರ್ಖಾನೆಯ ಪದ್ಧತಿ. ಹಾಗಾಗಿ ಮುನ್ನೂರು ಮನೆಗಳ ಕಣ್ಣು ಆ ಮಂಜಿಯ ಮೇಲೆಯೇ.

ಭಟ್ಟಿಯ ಉಸ್ತುವಾರಿ ಪಾಸ್ಕು ಪೊರ್ಬುಗಳದು. ಬೆಂಕಿಯ ಬಣ್ಣ ನೋಡಿ ಸೌದೆ ಹಾಕಿಸುವ ಮನುಷ್ಯ. ಬೆಂದ ಭಟ್ಟಿ ತನ್ನಷ್ಟಕ್ಕೆ ನಾಲ್ಕು ದಿನ ಆರಬೇಕು ಎಂಬುದು ಅವರ ನಿಯಮ. ಕಾರ್ಖಾನೆಯ ಧಣಿಗಳಿಗೆ ಅವಸರ. ಎರಡನೆಯ ದಿನವೇ ಬಾಗಿಲು ಒಡೆಯಿರಿ ಎಂದರಂತೆ. ತಣ್ಣನೆ ಗಾಳಿ ಹೊಕ್ಕರೆ ಹೆಂಚು ಒಳಗೊಳಗೇ ಬಿರಿಯುತ್ತದೆ ಎಂದು ಪೊರ್ಬುಗಳು ಹೇಳಿದರು. ಒಡೆಯಿರಿ ಎಂದರು ಧಣಿಗಳು. ಇಪ್ಪತ್ತು ವರ್ಷ ಅನ್ನ ಕೊಟ್ಟವರ ಮಾತು, ಪೊರ್ಬುಗಳು ಒಡೆಸಿದರು. ಒಡೆಸಿ, ತಲೆಯ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟು ಕೂತವರು ಆವತ್ತು ಊಟಕ್ಕೆ ಏಳಲಿಲ್ಲವಂತೆ.

ಹೆಂಚು ಅಪ್ಪಿಯ ಮುಂದೆ ಬಂತು. ಮೊದಲನೆಯದು ಬೊದ್. ಎರಡನೆಯದು ಬೊದ್. ಮೂರನೆಯದು ಬೊದ್. ಅಪ್ಪಿ ಕೈಯನ್ನು ಸೆರಗಿಗೆ ಒರೆಸಿ ಮತ್ತೆ ತಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಎಡಗಡೆ ಒಂದು ಗುಡ್ಡವಾಯಿತು, ಬಲಗಡೆ ಒಂದು ಮಗು ದಾಟುವಷ್ಟು ಎತ್ತರವೂ ಇಲ್ಲ.

ಧಣಿಗಳು ಬಂದರು. ನನ್ನ ಕಣ್ಣಿಗೆ ಒಂದು ಬಿರುಕೂ ಕಾಣುವುದಿಲ್ಲ, ನಿನ್ನ ಕಿವಿಗೆ ವಯಸ್ಸಾಗಿದೆ ಎಂದರು. ಹಾಗಾದರೆ ಪರೀಕ್ಷೆ ಮಾಡಿ ಎಂದಳು ಅಪ್ಪಿ. ಅವಳ ಕಣ್ಣಿಗೆ ಬಟ್ಟೆ ಕಟ್ಟಿದರು. ಹೋದ ವರ್ಷದ ಒಳ್ಳೆಯ ಹೆಂಚು, ಈ ಭಟ್ಟಿಯ ಹೆಂಚು ಎರಡನ್ನೂ ಬೆರೆಸಿ ಕೊಟ್ಟರು. ಒಂದನ್ನೂ ತಪ್ಪದೆ ಬೇರೆ ಮಾಡಿದಳಂತೆ. ಕೊನೆಗೆ ಧಣಿಗಳು ಸುಮ್ಮನಿರದೆ ಪಕ್ಕದ ಕಾರ್ಖಾನೆಯಿಂದ ಒಂದು ಹೆಂಚು ತರಿಸಿ ನಡುವೆ ತುರುಕಿದರಂತೆ. ಅಪ್ಪಿ ಅದನ್ನು ತಟ್ಟಿ ಬಲಕ್ಕೂ ಇಡಲಿಲ್ಲ, ಎಡಕ್ಕೂ ಇಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಳು. ಇದು ನೆರೆಮನೆಯ ಮಗು, ಸಂಜೆಯೊಳಗೆ ವಾಪಸು ಕಳಿಸಿ ಎಂದಳಂತೆ.

ಧಣಿಗಳು ಸೋತರು. ಸೋತವರಿಗೆ ಸಿಟ್ಟು ಹೆಚ್ಚು. ಸರಿ, ನಿನ್ನ ಕಿವಿ ದೊಡ್ಡದೇ, ಆದರೂ ಎಲ್ಲ ಹೆಂಚು ಮಂಜಿಗೆ ಏರುತ್ತದೆ ಎಂದರು. ಮಾಡಿಗೆ ಹೊದೆಸಿದ ಮೇಲೆ ಯಾರು ಬಂದು ಕೇಳುತ್ತಾರೆ? ಆಗ ಅಪ್ಪಿ ಹೇಳಿದ ಮಾತನ್ನು ಅಜ್ಜಿ ಹಾಗೆಯೇ ಒಪ್ಪಿಸುತ್ತಿದ್ದಳು.

"ಮಳೆ ಕೇಳ್ತದೆ ಧಣಿಗಳೇ. ಹೆತ್ತು ಮಲಗಿದವಳ ಮುಖಕ್ಕೆ ನೀರು ಬಿದ್ದಾಗ ಅದು ನಮ್ಮ ಕಾರ್ಖಾನೆಯ ಹೆಸರು ಹೇಳಿಯೇ ಬೀಳ್ತದೆ."

ನಾಳೆ ಮಂಜಿ ತುಂಬದಿದ್ದರೆ ನಿನ್ನ ಮಣೆಯ ಮೇಲೆ ಬೇರೆಯವಳು ಕೂರುತ್ತಾಳೆ, ಈ ಹೆಂಗಸರಿಗೆ ಮುಡಿ ಅಕ್ಕಿಯೂ ಇಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಧಣಿಗಳು ಹೋದರು. ಹೆಂಗಸರೆಲ್ಲ ಅಪ್ಪಿಯ ಮುಖ ನೋಡಿದರು. ಆ ನೋಟ ಒಳ್ಳೆಯದಾಗಿರಲಿಲ್ಲ. ಧಣಿಯ ಮೇಲಿನ ಸಿಟ್ಟನ್ನು ಧಣಿಗೆ ತೋರಿಸಲಾಗದವರು ಪಕ್ಕದವಳಿಗೆ ತೋರಿಸುತ್ತಾರೆ, ಲೋಕ ಇರುವುದೇ ಹಾಗೆ.

ಮರುದಿನ ಬೆಳಿಗ್ಗೆ ಹೆಂಚು ಹೊರುವುದು ಶುರುವಾಯಿತು. ಅಪ್ಪಿ ತನ್ನ ಮಣೆ ಎತ್ತಿಕೊಂಡು ಹೋಗಿ ಕಡವಿನಲ್ಲಿ, ಮಂಜಿಗೆ ಹತ್ತುವ ಹಲಗೆಯ ಬುಡದಲ್ಲೇ ಹಾಕಿ ಕೂತಳು. ಯಾರನ್ನೂ ತಡೆಯಲಿಲ್ಲ, ಯಾರಿಗೂ ಬೈಯಲಿಲ್ಲ. ನನ್ನ ಕೆಲಸ ತಟ್ಟುವುದು, ತಟ್ಟಿಯೇ ಕಳಿಸುತ್ತೇನೆ ಎಂದಳಷ್ಟೆ. ಬಂದ ಹೊರೆಯಿಂದ ಒಂದೊಂದು ಹೆಂಚು ಎಳೆದು ತಟ್ಟುವುದು, ತಿರುಗಿ ಇಡುವುದು. ಬೊದ್. ಬೊದ್. ಮಂಜಿಯ ಮೇಲಿನಿಂದ ಉಮರಬ್ಬ ಬ್ಯಾರಿಗಳು ಅದನ್ನು ಕೇಳುತ್ತ ನಿಂತಿದ್ದರಂತೆ.

ಸಾಲಿನಲ್ಲಿ ಏಳನೆಯವಳು ನನ್ನ ಅಜ್ಜಿ ಸೇಸಿ. ತಲೆಯ ಮೇಲೆ ಹತ್ತು ಹೆಂಚು, ಹೊಟ್ಟೆಯಲ್ಲಿ ನನ್ನ ಅಮ್ಮ, ಮನೆಯಲ್ಲಿ ಖಾಲಿ ಅಕ್ಕಿ ಮಡಕೆ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಅಪ್ಪಿಯಕ್ಕಾ, ಕಿವಿ ನಿಮಗೊಬ್ಬರಿಗೇ ಉಂಟಾ? ನಮಗೆಲ್ಲ ಎಂತ, ತೂತಾ?" ಎಂದು ಕೇಳಿದಳಂತೆ. "ನಿಮ್ಮ ಈ ಶಬ್ದದಿಂದ ನನ್ನ ಮನೆಯ ಗಂಜಿ ಹೋಗ್ತದೆ. ಕೊಡಿ ಇಲ್ಲಿ. ಏನೂ ಆಗಿಲ್ಲ ಇದಕ್ಕೆ, ನಾನೇ ತೋರಿಸ್ತೇನೆ."

ಹೊರೆ ಇಳಿಸಿದಳು. ಒಂದು ಹೆಂಚು ಎತ್ತಿದಳು. ಬೆರಳು ಮಡಚಿದಳು. ಹಿಂದಿದ್ದವರು ಬೇಡ ಸೇಸಿ, ಬೇಡ ಎಂದರು. ಹೊರುವವಳು ತಟ್ಟಬಾರದಲ್ಲ! ಸೇಸಿ ತಟ್ಟಿಯೇಬಿಟ್ಟಳು.

ಬೊದ್.

ಅಜ್ಜಿ ಹೇಳುತ್ತಿದ್ದಳು, ಆ ಶಬ್ದ ನನಗೆ ಗೊತ್ತಿತ್ತು ಮಗಾ ಎಂದು. ಹೆಂಚು ತಟ್ಟಿ ಗೊತ್ತಿದ್ದಲ್ಲ. ಪ್ರತಿ ಮಳೆಗಾಲ ಅವಳ ಮನೆಯ ಮಾಡಿನ ಮೇಲೆ ಮೊದಲ ದಪ್ಪ ಹನಿಗಳು ಬಿದ್ದಾಗ ಬರುವ ಶಬ್ದ ಅದೇ. ಧಣಿಗಳ ಮನೆಯ ಮಾಡಿನ ಮೇಲೆ ಹನಿ ಬಿದ್ದರೆ ಟಣಟಣ ಎಂದು ಕುಣಿಯುತ್ತಿತ್ತು. ಸೇಸಿಯ ಮಾಡಿನ ಮೇಲೆ ಬೊದ್ ಬೊದ್. ಆ ಶಬ್ದ ಕೇಳಿದ ಕೂಡಲೇ ಎದ್ದು ತೊಟ್ಟಿಲು ಎಳೆಯುವುದು ಅವಳ ಮೈಗೇ ಅಭ್ಯಾಸವಾಗಿತ್ತು. ಕಡವಿನಲ್ಲಿ ನಿಂತವಳ ಕೈ ಆಗಲೂ ತನ್ನಷ್ಟಕ್ಕೇ ತೊಟ್ಟಿಲು ಹುಡುಕಿತಂತೆ.

ಅವಳು ಇನ್ನೊಂದು ತಟ್ಟಿದಳು, ಮತ್ತೊಂದು ತಟ್ಟಿದಳು. ಹತ್ತನ್ನೂ ತಟ್ಟಿ, ಸಿಂಬೆ ಬಿಡಿಸಿ ಹೆಗಲಿಗೆ ಹಾಕಿಕೊಂಡು, ಅಪ್ಪಿಯ ಪಕ್ಕದಲ್ಲಿ ನೆಲಕ್ಕೇ ಕೂತುಬಿಟ್ಟಳು. ಹಿಂದಿದ್ದವಳು ಒಂದು ಗಳಿಗೆ ನಿಂತು, ತನ್ನ ಹೊರೆ ಇಳಿಸಿ, ಒಂದು ಹೆಂಚು ತಟ್ಟಿದಳು. ಅವಳ ಹಿಂದಿದ್ದವಳೂ ತಟ್ಟಿದಳು. ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ತೊಟ್ಟಿಲಿತ್ತಲ್ಲ. ಸ್ವಲ್ಪ ಹೊತ್ತಿನಲ್ಲಿ ಕಾರ್ಖಾನೆಯ ಬಾಗಿಲಿನಿಂದ ಕಡವಿನವರೆಗೆ ಮುನ್ನೂರು ಹೆಂಗಸರು ಮುನ್ನೂರು ಹೆಂಚು ತಟ್ಟುತ್ತಿದ್ದರಂತೆ. ಬೊದ್, ಬೊದ್, ಬೊದ್. ಆ ಶಬ್ದ ನೀರಿನ ಮೇಲೆ ಹೋಯಿತು. ಉಳಿದ ಹತ್ತು ಕಾರ್ಖಾನೆಗಳವರು ಕೆಲಸ ಬಿಟ್ಟು ದಡಕ್ಕೆ ಬಂದರು. ಗಂಜಿ ಹೋಟೆಲಿನವರು ಸೌಟು ಹಿಡಿದೇ ಬಂದರು. ಗೋಲಿಸೋಡದವನು ಅಂಗಡಿ ಮುಚ್ಚಿ ಬಂದ. ಯಾರೂ ಏನೂ ಕೇಳಬೇಕಾಗಿರಲಿಲ್ಲ, ಹೆಂಚಿನ ಊರಿನವರಿಗೆ ಆ ಶಬ್ದದ ಅರ್ಥ ಬಿಡಿಸಿ ಹೇಳಬೇಕಾ?

ಆಗ ಉಮರಬ್ಬ ಬ್ಯಾರಿಗಳು ಮಂಜಿಯಿಂದ ಇಳಿದು ಬಂದು, ಹಲಗೆಯನ್ನು ಕೈಯಾರೆ ಎತ್ತಿ ಮೇಲೆ ಹಾಕಿದರಂತೆ. ಅಪ್ಪಿಯಕ್ಕ ಬಲಕ್ಕೆ ಇಟ್ಟದ್ದು ಮಾತ್ರ ನನ್ನ ಮಂಜಿಗೆ ಏರುತ್ತದೆ, ಅದು ಆಗುವವರೆಗೆ ನಾನು ಇಲ್ಲೇ ಇರುತ್ತೇನೆ ಎಂದರಂತೆ. ಪತ್ತನಾಜೆ ಬಂತಲ್ಲ ಎಂದು ಯಾರೋ ಕೇಳಿದ್ದಕ್ಕೆ, ಕಡಲಿನ ಹತ್ತಿರ ನಾನು ಮಾತಾಡುತ್ತೇನೆ ಎಂದರಂತೆ.

ಧಣಿಗಳ ಮನಸ್ಸು ಕರಗಿತು ಎಂದು ನಮ್ಮ ಅಮ್ಮ ಹೇಳುತ್ತಿದ್ದಳು. ನಾನು ಹಾಗೆ ಹೇಳುವುದಿಲ್ಲ. ಹಲಗೆ ತೆಗೆದ ಮೇಲೆ, ಊರೆಲ್ಲ ನೋಡುತ್ತಿರುವಾಗ ಅವರು ಬೇರೆ ಏನು ಮಾಡಬಹುದಿತ್ತು? ಆದರೆ ಒಂದು ಮಾತು ಅವರ ಪಾಲಿಗೆ ಬಿಡಬೇಕು. ಅವರು ಕಡವಿಗೆ ಇಳಿದು ಬಂದು ತಾವೂ ಒಂದು ಹೆಂಚು ಎತ್ತಿ ತಟ್ಟಿದರಂತೆ. ಹೆಂಚಿನಿಂದಲೇ ಮನೆ ಕಟ್ಟಿದವರು, ಹುಟ್ಟಿದ ಮೇಲೆ ಮೊದಲ ಸಲ ತಟ್ಟಿದ್ದು. ಕೇಳಿದರು. ಪಾಸ್ಕು ಪೊರ್ಬುಗಳನ್ನು ಕರೆದು, ಹೊಸ ಹೆಂಚಿಟ್ಟು ಇನ್ನೊಮ್ಮೆ ಉರಿ ಹಾಕಿ, ನಾಲ್ಕು ದಿನ ಆರಲಿ ಎಂದರು. ಪೊರ್ಬುಗಳು ಟೊಪ್ಪಿ ತಲೆಗೆ ಹಾಕಿಕೊಂಡರು.

ಹನ್ನೊಂದು ದಿನ ಬೇಕಾಯಿತಂತೆ. ಹನ್ನೊಂದು ದಿನವೂ ಮನೆಮನೆಯಲ್ಲಿ ಗೆಣಸು ಬೇಯಿಸಿ ತಿಂದರು. ಪತ್ತನಾಜೆ ಬಂತು, ಹೋಯಿತು. ಪಡುವಣದಲ್ಲಿ ಮೋಡ ಕಪ್ಪಾಗಿ ಕಟ್ಟಿತು, ಕಟ್ಟಿ ಅಲ್ಲಿಯೇ ನಿಂತಿತು. ಒಂದು ಹನಿ ಬೀಳಲಿಲ್ಲ, ಒಂದು ಅಲೆ ಏಳಲಿಲ್ಲ. ಅಪ್ಪಿ ಎಂಬತ್ತು ಸಾವಿರ ಹೆಂಚು ತಟ್ಟಿದಳು, ಟಣ್, ಟಣ್, ಟಣ್. ಮಂಜಿ ಹೊರಟಿತು, ತೆಂಕಣ ಬಂದರು ಮುಟ್ಟಿತು. ಕಟ್ಟಕಡೆಯ ಹೆಂಚನ್ನು ಮಾಡಿಗೆ ಹೊದೆಸಿದ ಕೆಲಸದವನು ಏಣಿ ಇಳಿದು ನೆಲಕ್ಕೆ ಕಾಲಿಟ್ಟ ಮೇಲೆಯೇ ಮಳೆ ಸುರಿಯಿತು ಎಂದು ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮುಡಿ ಅಕ್ಕಿ ಬಂದದ್ದಂತೂ ನಿಜ, ಅದರ ಗಂಜಿ ಉಂಡೇ ಅಜ್ಜಿ ನನ್ನ ಅಮ್ಮನನ್ನು ಹೆತ್ತದ್ದು.

ಸತ್ತ ಹೆಂಚನ್ನೆಲ್ಲ ಏನು ಮಾಡಿದರು? ಈ ಸಲ ಯಾರೂ ಮನೆಗೆ ಒಯ್ಯಲಿಲ್ಲ. ಮುನ್ನೂರು ಹೆಂಗಸರು ಕೂತು ಒಡೆದು ಪುಡಿ ಮಾಡಿ, ಕಾರ್ಖಾನೆಯಿಂದ ಕಡವಿನವರೆಗೆ ಹಾಸಿ ತುಳಿದರು. ನೀವು ಬೆಳಿಗ್ಗೆ ವಾಕಿಂಗ್ ಹೋಗುವ ಕೆಂಪು ದಾರಿ ಅದೇ. ಆ ವರ್ಷದಿಂದ ಪ್ರತಿ ಭಟ್ಟಿಯಲ್ಲಿ ಬಲಕ್ಕೆ ಬಂದ ಹೆಂಚಿನಲ್ಲೇ ಒಂದು ಪಾಲು ಕೆಲಸದವರ ಮನೆಗೆ ಸಿಗಬೇಕು ಎಂದು ಅಪ್ಪಿ ಪಟ್ಟು ಹಿಡಿದಳಂತೆ. ಸಿಕ್ಕಿತು. ನಮ್ಮ ಅಮ್ಮ ಟಣಟಣ ಮಳೆ ಕೇಳುತ್ತ ಮಲಗಿದವಳು.

ಆಮೇಲೆ ಕಾಲ ಬದಲಾಯಿತು. ಜನ ತಾರಸಿ ಮನೆ ಕಟ್ಟಿದರು. ಮಣ್ಣು ಸಿಗಲಿಲ್ಲ, ಸೌದೆ ಸಿಗಲಿಲ್ಲ. ಮೀನಿನವರು ಹತ್ತು ಹೊಗೆ ಎಣಿಸಿದರು, ಏಳು ಎಣಿಸಿದರು, ನಾಲ್ಕು ಎಣಿಸಿದರು. ಸೋಡದ ಅಂಗಡಿ ಹೋಯಿತು, ಹಗ್ಗದವರು ಹೋದರು, ಸಿಂಬೆಯ ಮುದುಕಿ ಯಾವಾಗ ಹೋದಳು ಎಂದು ಯಾರಿಗೂ ನೆನಪಿಲ್ಲ. ಕೊನೆಗೆ ಆರನೆಯ ಚಿಮಣಿ ಒಂದೇ ಉಳಿಯಿತು. ಅದನ್ನೂ ಮುಚ್ಚುತ್ತಾರೆ ಎಂದಾಯಿತು. ಕೊನೆಯ ಭಟ್ಟಿ ಒಡೆದ ದಿನ ಅಪ್ಪಿಯನ್ನು ಕರೆಸಿದರು. ಅವಳಿಗೆ ಆಗ ನೂರು ವರ್ಷ ಎನ್ನುತ್ತಾರೆ, ನೀವು ತೊಂಬತ್ತು ಎಂದುಕೊಳ್ಳಿ. ಕಿವಿ ಪೂರ್ತಿ ಹೋಗಿತ್ತು. ಕೋಲೂರಿ ಕೆಂಪು ದಾರಿಯಲ್ಲಿ ನಡೆದು ಬಂದಳು. ಹೆಂಚನ್ನು ಗಲ್ಲಕ್ಕೆ ಒತ್ತಿ ಹಿಡಿದು ತಟ್ಟಿದಳು. ಮೂಳೆಯಿಂದ ಕೇಳಿದಳಂತೆ. ಮುಖವೆಲ್ಲ ನಗುವಾಯಿತು.

"ಇದಕ್ಕೆ ಏನೂ ರೋಗ ಇಲ್ಲ," ಎಂದಳು. "ಹೆಂಚು ಸೋತು ಕಾರ್ಖಾನೆ ಮುಚ್ಚಿತು ಅಂತ ನಾಳೆ ಯಾರೂ ಹೇಳಬಾರದು, ಆಯ್ತಾ?"

ಯಾರೂ ಹೇಳಿಲ್ಲ. ನಾನಂತೂ ಹೇಳಲು ಬಿಟ್ಟಿಲ್ಲ.

ಈಗ ಮೊದಲನೆಯ ಕಾರ್ಖಾನೆಯಿದ್ದಲ್ಲಿ ಮದುವೆಯ ಹಾಲ್ ಉಂಟು, ಮೂರನೆಯದರಲ್ಲಿ ಕಾರು ಮಾರುತ್ತಾರೆ. ಆರನೆಯದು ಇದೇ, ನಾನು ನೋಡಿಕೊಳ್ಳುವ, ನೀವು ಮೊನ್ನೆ ಬಂದು ಸೇರಿದ ಈ ಫ್ಲ್ಯಾಟು. ಭಟ್ಟಿಯಿದ್ದ ಜಾಗದಲ್ಲಿ ನಿಮ್ಮ ಸ್ಕೂಟರು ನಿಲ್ಲುತ್ತದೆ. ಹೆಂಚಿನ ಮಾಡೇ ಇಲ್ಲದ ಈ ಮನೆಯ ಬಾಗಿಲಿಗೆ ಒಂದು ಹಳೆಯ ಹೆಂಚು ಏಕೆ ಒರಗಿಸಿಟ್ಟಿದ್ದಾರೆ, ತೆಗೆದು ಬಿಸಾಡಬಹುದಾ ಎಂದು ಕೇಳಿದಿರಲ್ಲ, ಅದಕ್ಕೇ ಇಷ್ಟು ಹೇಳಿದ್ದು.

ಹೊಯಿಗೆಕಡವಿನಲ್ಲಿ ಮನೆ ಯಾವುದೇ ಇರಲಿ, ಒಕ್ಕಲಾಗುವ ಮೊದಲು ಇಲ್ಲಿಯ ಒಂದು ಹೆಂಚು ತಂದು ತಟ್ಟಬೇಕು. ತಟ್ಟುವುದು ಮನೆಯ ಯಜಮಾನನಲ್ಲ, ಯಜಮಾನತಿಯೂ ಅಲ್ಲ. ಆ ಮನೆ ಕಟ್ಟುವಾಗ ತಲೆಯ ಮೇಲೆ ಹೊರೆ ಹೊತ್ತವರು ತಟ್ಟಬೇಕು. ಅವರು ಕೇಳಿ ಸರಿ ಎಂದರೆ ಮಾತ್ರ ಮನೆಯವರು ಬಲಗಾಲಿಟ್ಟು ಒಳಗೆ ಹೋಗುವುದು. ಆಮೇಲೆ ಹೊತ್ತವರಿಗೆ ಒಂದು ಮುಡಿ ಅಕ್ಕಿ. ಈಗ ಮುಡಿ ಕಟ್ಟುವವರಿಲ್ಲ, ಚೀಲದಲ್ಲೇ ಕೊಡುತ್ತಾರೆ.

ನಿಮ್ಮ ಮನೆಗೂ ಹಾಗೆಯೇ ಆಯಿತು, ನೀವು ಬರುವ ಮೊದಲು. ಇಲ್ಲಿ ಜಲ್ಲಿ ಹೊತ್ತ ಹೆಂಗಸು ರಾಯಚೂರು ಕಡೆಯವಳು, ದುರುಗಮ್ಮ ಎಂದು. ಕಡಲು ನೋಡಿದವಳಲ್ಲ, ಹೆಂಚಿನ ಮನೆಯಲ್ಲಿ ಇದ್ದವಳೂ ಅಲ್ಲ. ಹೆಂಚು ಕೈಗೆ ಕೊಟ್ಟು, ತಟ್ಟು ಎಂದೆ. ನಾ ಯಾಕ್ರೀ ಬೇ, ನಾ ಹೊರಾಕಿ ಎಂದಳು. ಅದಕ್ಕೇ ನೀನು ಎಂದೆ. ಅವಳು ತಲೆಯ ಸಿಂಬೆ ತೆಗೆದು ಹೆಗಲಿಗೆ ಹಾಕಿಕೊಂಡಳು, ಬೆರಳು ಮಡಚಿ ತಟ್ಟಿದಳು, ತಲೆ ಓರೆ ಮಾಡಿ ಕೇಳಿದಳು. ಮತ್ತೊಮ್ಮೆ ತಟ್ಟಿದಳು.

ಟಣ್ ಅಂದಿತು. ಅವಳು ನನ್ನ ಕಡೆ ನೋಡಿ, ಛಲೋ ಐತ್ರೀ ಎಂದಳು. ಅದರ ಮೇಲೆಯೇ ನಿಮಗೆ ಬೀಗದ ಕೈ ಕೊಟ್ಟದ್ದು.